ದೂರದ ಮನೆಯಲ್ಲಿ ನಾಯಿ ಕೊನೆಯ ದಿನಗಳಲ್ಲಿರುವಾಗ ಇಲ್ಲಿಯ ಮನೆಯ ನಗು ಉಳಿಸಿಕೊಳ್ಳುವ ಬಗೆ

ತೀರ್ಥಹಳ್ಳಿಯ ಸಮೀಪದ ನನ್ನ ತವರಿನಲ್ಲಿ 13 ವರ್ಷ ಬಾಳಿದ ಬೆಳ್ಳ ಎಂಬ ನಾಯಿಯ ಮೂತ್ರಪಿಂಡಗಳು ಬಹುಪಾಲು ಕೆಲಸ ನಿಲ್ಲಿಸಿವೆ ಎಂಬ ಸುದ್ದಿ ನ್ಯೂಜೆರ್ಸಿಯಲ್ಲಿರುವ ನನಗೆ ತಲುಪಿದ್ದು ಮಗಳ ಏಳನೆಯ ಹುಟ್ಟುಹಬ್ಬಕ್ಕೆ ಎರಡು ದಿನವಿರುವಾಗ. ಹುಟ್ಟುಹಬ್ಬದ ದಿನ ಕೇಕಿನ ತಟ್ಟೆಯ ಪಕ್ಕದಲ್ಲಿಯೇ ಫೋನು ಇಟ್ಟುಕೊಂಡು, ಅದರ ಪರದೆ ಬೆಳಗಿದಾಗಲೆಲ್ಲ ಅತ್ತ ನೋಡುತ್ತಿದ್ದೆ. ಆಮೇಲೆ ಫೋಟೋಗಳನ್ನು ತೆಗೆದು ನೋಡಿದರೆ ಒಂದರಲ್ಲಿಯೂ ನನ್ನ ಕಣ್ಣು ಮಗಳ ಮೇಲಿರಲಿಲ್ಲ. ಅಂದು ರಾತ್ರಿ ಮಲಗುವ ಮುಂಚೆ ಅವಳು ಕೇಳಿದಳು: "ಅಮ್ಮಾ, ಬೆಳ್ಳ ಇನ್ನೂ ಇದ್ದಾನಲ್ವಾ? ಮತ್ಯಾಕೆ ನಮ್ಮನೇಲಿ ಯಾರೂ ನಗ್ತಾ ಇಲ್ಲ?"

ಅದಾದ ಮೇಲೆ ಬೆಳ್ಳ ಒಂಬತ್ತು ವಾರ ಬದುಕಿದ. ಆ ಒಂಬತ್ತು ವಾರಗಳಲ್ಲಿ ನಾವು ತಪ್ಪುತ್ತಾ, ತಿದ್ದಿಕೊಳ್ಳುತ್ತಾ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಪರದೇಶದಲ್ಲಿರುವವರಿಗಷ್ಟೇ ಇದು ಅನ್ವಯಿಸುತ್ತದೆಂದಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಊರಿನಲ್ಲಿ ನಾಯಿಯನ್ನು ಬಿಟ್ಟುಬಂದಿರುವವರ ಸಂಕಟವೂ ಇದೇ ಜಾತಿಯದು. ನಾಯಿಯ ಮೇಲಿನ ಪ್ರೀತಿ ಒಂದಿಷ್ಟೂ ಕಡಿಮೆಯಾಗದೆ ನಮ್ಮೆದುರಿನ ಮಕ್ಕಳು, ಸಂಗಾತಿ ಮತ್ತು ಅಲ್ಲಿರುವ ತಂದೆತಾಯಿಯರೊಡನೆ ಸಂತೋಷದ ಗಳಿಗೆಗಳನ್ನು ಕಳೆಯಲು ಸಾಧ್ಯವಿದೆ. ಆದರೆ ಅದು ತಾನಾಗಿ ಒದಗುವುದಿಲ್ಲ, ಅದಕ್ಕೆ ಏರ್ಪಾಡು ಬೇಕು ಎಂಬುದು ನನ್ನ ಅನುಭವ.

ಮೊದಲು ಕಾಯಿಲೆಯನ್ನು ಸರಿಯಾಗಿ ತಿಳಿದುಕೊಳ್ಳಿ

ದೂರದಲ್ಲಿರುವವರ ತಳಮಳದಲ್ಲಿ ಅರ್ಧ ಪಾಲು ಅಸ್ಪಷ್ಟ ಸುದ್ದಿಯಿಂದ ಹುಟ್ಟುತ್ತದೆ. ಮಕ್ಕಳು ಗಾಬರಿಯಾದಾರು ಎಂದು ನಮ್ಮ ಹಿರಿಯರು "ಏನಿಲ್ಲ, ಸ್ವಲ್ಪ ಮಂಕಾಗಿದೆ ಅಷ್ಟೆ" ಎಂದು ಮುಚ್ಚಿಡುತ್ತಾರೆ; ಅವರ ದನಿಯ ಏರಿಳಿತದಿಂದ ರೋಗವನ್ನು ಅಳೆಯಲು ಹೋಗಿ ನಾವು ರಾತ್ರಿಯಿಡೀ ಎದ್ದಿರುತ್ತೇವೆ. ಆದ್ದರಿಂದ ಮೊದಲ ದಿನವೇ ಒಂದು ಒಪ್ಪಂದಕ್ಕೆ ಬನ್ನಿ: ಅವರು ಯಾವುದನ್ನೂ ಮುಚ್ಚಿಡಬಾರದು, ನೀವು ಯಾವುದಕ್ಕೂ ಅವರನ್ನು ದೂರಬಾರದು. ಎರಡನೆಯ ಭಾಗವನ್ನು ನೀವು ಪಾಲಿಸಿದರೆ ಮಾತ್ರ ಮೊದಲನೆಯದು ನಡೆಯುತ್ತದೆ.

ರಕ್ತಪರೀಕ್ಷೆಯ ವರದಿಯ ಫೋಟೋ ತರಿಸಿಕೊಳ್ಳಿ. ವೈದ್ಯರೊಡನೆ ಒಮ್ಮೆ ನೀವೇ ಮಾತನಾಡಿ ಮೂರು ಸಂಗತಿಗಳನ್ನು ಕೇಳಿ: ಕಾಯಿಲೆ ಯಾವ ಹಂತದಲ್ಲಿದೆ, ಮನೆಯಲ್ಲಿಯೇ ಮಾಡಬಹುದಾದ ಆರೈಕೆ ಯಾವುದು, ಯಾವ ಲಕ್ಷಣ ಕಂಡರೆ ತಕ್ಷಣ ಕರೆ ಮಾಡಬೇಕು. ನಾಯಿಗಳ ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯನ್ನು ಐರಿಸ್ ಎಂಬ ಅಂತರರಾಷ್ಟ್ರೀಯ ಪಶುವೈದ್ಯ ತಜ್ಞರ ಸಂಘದ ಪದ್ಧತಿಯಂತೆ ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಮೂತ್ರಪಿಂಡಗಳು ಹೊರಹಾಕಬೇಕಾದ ಕ್ರಿಯೇಟಿನಿನ್ ಎಂಬ ತ್ಯಾಜ್ಯದ ಪ್ರಮಾಣ ರಕ್ತದಲ್ಲಿ ಡೆಸಿಲೀಟರಿಗೆ 5 ಮಿಲಿಗ್ರಾಂ ದಾಟಿದರೆ ಅದು ನಾಲ್ಕನೆಯ, ಅಂದರೆ ಕೊನೆಯ ಹಂತ. ಬೆಳ್ಳನ ವರದಿಯಲ್ಲಿ 5.6 ಇತ್ತು.

ಆ ಅಂಕಿಯನ್ನು ನೋಡಿ ಅಮ್ಮ ತಮ್ಮನ್ನು ತಾವೇ ಹಳಿದುಕೊಂಡರು. ಮಳೆಗಾಲದಲ್ಲಿಯೇ ಬೆಳ್ಳ ಕೊಟ್ಟಿಗೆಯ ಕಲ್ಲುಬಾನಿಯಿಂದ ಪದೇ ಪದೇ ನೀರು ಕುಡಿಯುತ್ತಿದ್ದನಂತೆ, ತಾವು ಅದನ್ನು ಗಮನಿಸಿಯೂ ಸುಮ್ಮನಿದ್ದೆವಲ್ಲ ಎಂಬುದು ಅವರ ಕೊರಗು. ಮೂತ್ರಪಿಂಡದ ಸುಮಾರು ಮುಕ್ಕಾಲು ಪಾಲು ಕೆಲಸ ನಿಂತ ಮೇಲೆಯೇ ಕ್ರಿಯೇಟಿನಿನ್ ಸ್ಪಷ್ಟವಾಗಿ ಏರುತ್ತದೆ, ಅಲ್ಲಿಯವರೆಗೆ ನಾಯಿ ಹೊರಗೆ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ ಎಂಬುದನ್ನು ವೈದ್ಯರ ಬಾಯಿಂದಲೇ ಅವರಿಗೆ ಹೇಳಿಸಿದೆ. ನಾನು ಹೇಳಿದ್ದರೆ ಸಮಾಧಾನದ ಮಾತೆಂದು ತಳ್ಳಿಹಾಕುತ್ತಿದ್ದರು. ನಿಮ್ಮ ಮನೆಯಲ್ಲಿಯೂ ಹೀಗೆ ಕೊರಗುವವರಿದ್ದರೆ ಈ ಕೆಲಸವನ್ನು ಮುಂದೂಡಬೇಡಿ.

ಆರೈಕೆ ಮಾಡುವವರ ಭಾರವನ್ನು ಇಳಿಸಿ

ದೂರದಿಂದ ನಾಯಿಯ ತಲೆ ಸವರಲಾಗುವುದಿಲ್ಲ, ಆದರೆ ಅದರ ತಲೆ ಸವರುವವರ ಬೆನ್ನುನೋವನ್ನು ಕಡಿಮೆ ಮಾಡಬಹುದು. ನನ್ನ ದುಃಖ ಹಗುರಾದದ್ದು ಈ ಕೆಲಸಕ್ಕೆ ಕೈಹಾಕಿದ ಮೇಲೆಯೇ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಇದನ್ನೇ ಹೆಚ್ಚು ವಿವರವಾಗಿ ಬರೆಯುತ್ತೇನೆ.

ಮೂತ್ರಪಿಂಡ ಸೋತ ನಾಯಿಗಳಿಗೆ ಚರ್ಮದ ಅಡಿಗೆ ದ್ರವ ಕೊಡುವ ಕ್ರಮವಿದೆ. ಇದನ್ನು ವೈದ್ಯರು ಒಮ್ಮೆ ತೋರಿಸಿಕೊಟ್ಟರೆ ಮನೆಯವರೇ ಮಾಡಬಹುದು. ಎಷ್ಟು ಕೊಡಬೇಕು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಮಾತ್ರ ವೈದ್ಯರೇ ನಿರ್ಧರಿಸಬೇಕು. ನಮ್ಮ ಮನೆಯಲ್ಲಿ ರಿಂಗರ್ ಲ್ಯಾಕ್ಟೇಟ್ ಎಂಬ ಆ ದ್ರವದ ಬಾಟಲಿಯನ್ನು ಅಮ್ಮ ಮೊದಲು ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿಟ್ಟು, ಮುಂಗೈಗೆ ಹಚ್ಚಿ ಉಗುರುಬೆಚ್ಚಗಿದೆಯೇ ಎಂದು ನೋಡಿ, ಜಗಲಿಯ ತೊಲೆಯಲ್ಲಿರುವ ತೊಟ್ಟಿಲ ಕೊಂಡಿಗೆ ನೇತುಹಾಕುತ್ತಿದ್ದರು. ನಾನು ಮಗುವಾಗಿದ್ದಾಗ ನನ್ನ ತೊಟ್ಟಿಲು ತೂಗಿದ ಕೊಂಡಿ ಅದು. ಬೆಳ್ಳನ ಭುಜದ ಹಿಂದಿನ ಸಡಿಲ ಚರ್ಮವನ್ನು ಎಡಗೈಯಿಂದ ಗುಡಾರದಂತೆ ಎತ್ತಿ ಅಪ್ಪಯ್ಯ ಸೂಜಿ ಹಾಕುವರು; ದ್ರವ ಇಳಿಯುತ್ತಿದ್ದಂತೆ ಬೆನ್ನ ಮೇಲೆ ಉಬ್ಬು ಏಳುತ್ತಿತ್ತು, ಕೆಲವು ಗಂಟೆಗಳಲ್ಲಿ ಅದು ದೇಹದೊಳಗೆ ಇಂಗಿಹೋಗುತ್ತಿತ್ತು. ಮೊದಲ ಸಲ ವಿಡಿಯೋದಲ್ಲಿ ಅದನ್ನು ಕಂಡು ನಾನು ಹೆದರಿದೆ. "ಗೂನು ಬಂದ ಅಜ್ಜನ ಹಾಗೆ ಕಾಣ್ತಾನೆ ನೋಡು, ಬೆಳಗಾಗೋದ್ರೊಳಗೆ ಇಳಿಯುತ್ತೆ" ಎಂದು ಅಮ್ಮ ನಕ್ಕಾಗ, ಎಷ್ಟೋ ದಿನಗಳ ಮೇಲೆ ನಾನೂ ನಕ್ಕೆ.

ಈ ಕೆಲಸಕ್ಕೆ ಇಬ್ಬರು ಬೇಕು, ಮತ್ತು ನಮ್ಮಲ್ಲಿ ಆ ಇಬ್ಬರೂ ಎಪ್ಪತ್ತರ ಹತ್ತಿರದವರು. ಹಾಗಾಗಿ ತೋಟದ ಕೆಲಸಕ್ಕೆ ಬರುವ ಯುವಕನೊಬ್ಬನಿಗೆ ಸಂಜೆ ಒಂದು ಗಂಟೆ ಹೆಚ್ಚಿಗೆ ನಿಲ್ಲುವಂತೆ ಸಂಬಳ ಗೊತ್ತುಮಾಡಿ, ಆ ಹಣವನ್ನು ಔಷಧಿಯ ಹಣದೊಡನೆ ಅಪ್ಪಯ್ಯನ ಖಾತೆಗೆ ಮುಂಚಿತವಾಗಿಯೇ ಹಾಕಿದೆ. "ಎಷ್ಟಾಯಿತು ಹೇಳಿ, ಕಳಿಸುತ್ತೇನೆ" ಎಂದರೆ ಯಾವ ತಂದೆತಾಯಿಯೂ ಲೆಕ್ಕ ಹೇಳುವುದಿಲ್ಲ. ನಾಯಿಯನ್ನು ಎತ್ತಬೇಕಾದಾಗ ದಪ್ಪ ಕಂಬಳಿಯ ಮೇಲೆ ಮಲಗಿಸಿ ಎರಡೂ ತುದಿ ಹಿಡಿದು ಎತ್ತುವಂತೆ ಹೇಳಿಕೊಡಿ. ನಮ್ಮ ಕಡೆಯ ಮನೆಗಳ ನುಣುಪಾದ ಕಾವಿನೆಲದ ಮೇಲೆ ಮುದಿನಾಯಿಗಳ ಕಾಲು ಜಾರುತ್ತದೆ. ಮಲಗುವ ಜಾಗದಿಂದ ಅಂಗಳದವರೆಗೆ ಗೋಣಿಚೀಲ ಹಾಸಿದರೆ ಬಿದ್ದು ನೋವು ಮಾಡಿಕೊಳ್ಳುವುದು ತಪ್ಪುತ್ತದೆ.

ಸ್ಥಳೀಯ ಪಶು ಆಸ್ಪತ್ರೆಯ ವೈದ್ಯರು, ಮನೆಗೆ ಬರಬಲ್ಲ ಖಾಸಗಿ ವೈದ್ಯರು, ರಾತ್ರಿ ಹೊತ್ತು ಗಾಡಿ ತರಬಲ್ಲ ನೆರೆಯವರು, ಇವರ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲು ಹೇಳಿ. ಪಶುಸಂಗೋಪನಾ ಇಲಾಖೆಯ 1962 ಸಹಾಯವಾಣಿಯೂ ಆ ಪಟ್ಟಿಯಲ್ಲಿರಲಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಶಿವಮೊಗ್ಗದ ಅಥವಾ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳಿವೆ. ಆದರೆ ಕೊನೆಯ ಹಂತದ ನಾಯಿಯನ್ನು ಗಂಟೆಗಟ್ಟಲೆ ಗಾಡಿಯಲ್ಲಿ ಕರೆದೊಯ್ಯುವುದರಿಂದ ಅದಕ್ಕೆ ಏನು ಸಿಗುತ್ತದೆ ಎಂಬುದನ್ನು ವೈದ್ಯರನ್ನು ಕೇಳಿಯೇ ಹೊರಡಿ. ನಮ್ಮ ಮನಸ್ಸಿನ ಸಮಾಧಾನಕ್ಕಾಗಿ ಅದನ್ನು ಅಲೆದಾಡಿಸುವುದು ಸರಿಯಲ್ಲವೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನು ಕೆಲವು ಎಚ್ಚರಿಕೆಗಳು. ಮನುಷ್ಯರಿಗೆ ಕೊಡುವ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನಾಯಿಯ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಕನಿಕರದಿಂದ ಯಾರೂ ಅರ್ಧ ಮಾತ್ರೆಯನ್ನೂ ಕೊಡದಿರಲಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ, ಆದ್ದರಿಂದ ಹಬ್ಬದ ಪಾಯಸವನ್ನು "ಪಾಪ, ಇನ್ನೆಷ್ಟು ದಿನ" ಎಂದು ಅದರ ತಟ್ಟೆಗೆ ಸುರಿಯಬಾರದು. ಮತ್ತು ನೀವು, ದಯವಿಟ್ಟು, ರಾತ್ರಿಯಿಡೀ ಅಂತರ್ಜಾಲದಲ್ಲಿ ಹುಡುಕಿದ ಮನೆಮದ್ದುಗಳನ್ನು ಬೆಳಗಾಗುವಷ್ಟರಲ್ಲಿ ಅಮ್ಮನಿಗೆ ಕಳುಹಿಸಬೇಡಿ. ನಾನು ಮೊದಲ ವಾರ ಹಾಗೆ ಮಾಡಿದೆ. ಅವರು ಪ್ರತಿಯೊಂದನ್ನೂ ಓದಿ, ತಾವು ಮಾಡುತ್ತಿರುವುದು ಸಾಲದೆಂದು ಅತ್ತಿದ್ದರೆಂದು ಅಪ್ಪಯ್ಯನಿಂದ ಆಮೇಲೆ ತಿಳಿಯಿತು.

ಕರೆಗೆ ಹೊತ್ತು ಗೊತ್ತುಮಾಡಿ

ದಿನವಿಡೀ ಹನಿಹನಿಯಾಗಿ ಬರುವ ಸುದ್ದಿ ಎರಡೂ ಮನೆಗಳನ್ನು ಹಿಂಡುತ್ತದೆ. ನಾವು ಕರೆಗೆ ಒಂದೇ ಹೊತ್ತನ್ನು ಆರಿಸಿಕೊಂಡೆವು: ಊರಿನಲ್ಲಿ ಸಂಜೆ 4:30, ಕಾಫಿ ಮುಗಿಸಿ ಬೆಳ್ಳನಿಗೆ ದ್ರವ ಕೊಡುವ ಸಮಯ, ಇಲ್ಲಿ ಬೆಳಗಿನ 7. ನವೆಂಬರ್ ತಿಂಗಳ ಮೊದಲ ಭಾನುವಾರ ಇಲ್ಲಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ. ಬೆಳ್ಳನ ಹೊತ್ತು ಬದಲಾಗಬಾರದೆಂದು ಅಂದಿನಿಂದ ನಾವೇ 6ಕ್ಕೆ ಏಳತೊಡಗಿದೆವು. ಕರೆಯ ಅರ್ಧ ಗಂಟೆಯಲ್ಲಿ ಕೇಳಬೇಕಾದ್ದನ್ನೆಲ್ಲ ಕೇಳಿ, ಅಳಬೇಕೆನಿಸಿದರೆ ಅಳಿ. ಕರೆ ಮುಗಿದ ಮೇಲೆ ಫೋನನ್ನು ಬೇರೆ ಕೋಣೆಯಲ್ಲಿಡಿ. ತುರ್ತು ಇದ್ದರೆ ಸತತವಾಗಿ ಎರಡು ಸಲ ಕರೆ ಮಾಡಬೇಕು, ಉಳಿದ ಯಾವ ಸಂದೇಶಕ್ಕೂ ತಕ್ಷಣ ಉತ್ತರ ನಿರೀಕ್ಷಿಸಬಾರದು ಎಂದು ಎರಡೂ ಕಡೆಯವರು ಒಪ್ಪಿಕೊಳ್ಳಿ. ಎರಡು ಕರೆ ಬಂದಿಲ್ಲವೆಂದರೆ ಬೆಳ್ಳ ಇದ್ದಾನೆ ಎಂಬ ಭರವಸೆಯೇ ನನಗೆ ಮಗಳ ಜೊತೆ ಕುಳಿತು ಬಣ್ಣ ತುಂಬುವ ಧೈರ್ಯ ಕೊಟ್ಟಿತು.

ಹೀಗೆ ಮಾಡುವಾಗ ಮನಸ್ಸು ಕಲ್ಲಾಯಿತೇನೋ ಎಂದು ಅಳುಕುವವರು ಒಂದು ವಿಷಯ ತಿಳಿದಿರಬೇಕು. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಮನೋವಿಜ್ಞಾನಿಗಳು ನೆದರ್ಲೆಂಡ್ಸ್‌ನಲ್ಲಿ ಮರಣಶೋಕದ ಬಗ್ಗೆ ಅಧ್ಯಯನ ಮಾಡಿ 1999ರಲ್ಲಿ ಮಂಡಿಸಿದ ವಿವರಣೆಯಂತೆ, ಶೋಕದಲ್ಲಿರುವ ಮನುಷ್ಯ ನಷ್ಟವನ್ನು ಎದುರಿಸುವುದು ಮತ್ತು ನಿತ್ಯದ ಬದುಕಿಗೆ ಮರಳುವುದು ಎಂಬ ಎರಡರ ನಡುವೆ ಉಯ್ಯಾಲೆಯಂತೆ ಓಡಾಡುತ್ತಿರುತ್ತಾನೆ, ಆ ಓಡಾಟವೇ ಚೇತರಿಕೆಯ ದಾರಿ. ಅವರು ಬರೆದದ್ದು ಸಂಗಾತಿಯನ್ನು ಕಳೆದುಕೊಂಡವರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು. ಆದರೂ ಕರೆಯ ಹೊತ್ತಿನ ಅಳುವಿಗೂ ಸಂಜೆಯ ನಗುವಿಗೂ ಒಂದೇ ಎದೆಯಲ್ಲಿ ಜಾಗವಿದೆ ಎಂಬುದು ನನಗೆ ಮನದಟ್ಟಾದದ್ದು ಅವರ ಆ ಮಾತಿನಿಂದ.

ನಾಯಿಗೆ ನಿಮ್ಮ ದನಿ ಕೇಳಿಸುವ ವಿಷಯದಲ್ಲಿ ಒಂದು ಎಚ್ಚರ ಬೇಕು. ಮೊದಲ ದಿನ ನಾನು ಸ್ಪೀಕರಿನಲ್ಲಿ "ಬೆಳ್ಳಾ" ಎಂದು ಕರೆದೆ. ಅವನು ನಡುಗುವ ಕಾಲಿನಲ್ಲಿ ಎದ್ದು, ಅಂಗಳ ದಾಟಿ, ದಣಪೆಯ ಹತ್ತಿರ ಹೋಗಿ ರಸ್ತೆಯ ಕಡೆ ಮುಖಮಾಡಿ ನಿಂತ. ಅರ್ಧ ಗಂಟೆಯಾದರೂ ಅಲ್ಲಿಂದ ಕದಲಲಿಲ್ಲ. ಕೊನೆಗೆ ಅಪ್ಪಯ್ಯ ಎತ್ತಿಕೊಂಡು ಬಂದರು. ಕೆಲವು ನಾಯಿಗಳು ದನಿ ಕೇಳಿ ಹಾಯಾಗಿ ಮಲಗಬಹುದು, ಕೆಲವು ಹೀಗೆ ಹುಡುಕಾಡಬಹುದು. ಹುಡುಕಾಡುವ ನಾಯಿಗೆ ದನಿ ಕೇಳಿಸುವುದನ್ನು ನಿಲ್ಲಿಸಿ, ಅದರ ಬದಲು ವಾಸನೆಯನ್ನು ಕಳುಹಿಸಿ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗೊರಿ ಬರ್ನ್ಸ್ ಅವರ ತಂಡ ನಾಯಿಗಳಿಗೆ ಎಂಆರ್‌ಐ ಯಂತ್ರದಲ್ಲಿ ಎಚ್ಚರವಾಗಿಯೇ ಅಲುಗಾಡದೆ ಇರುವುದನ್ನು ಕಲಿಸಿ, ಬೇರೆ ಬೇರೆ ವಾಸನೆಗಳನ್ನು ಮೂಸಿಸಿ ನೋಡಿದಾಗ, ಸುಖದ ನಿರೀಕ್ಷೆಗೆ ಸಂಬಂಧಿಸಿದ ಮಿದುಳಿನ ಭಾಗ ಎಲ್ಲಕ್ಕಿಂತ ಹೆಚ್ಚಾಗಿ ಸ್ಪಂದಿಸಿದ್ದು ಪರಿಚಿತ ಮನುಷ್ಯರ ವಾಸನೆಗೆ. ನಾನು ನಾಲ್ಕು ದಿನ ಹೊದ್ದು, ಒಗೆಯದ ಶಾಲೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಶಿವಮೊಗ್ಗಕ್ಕೆ ಹೊರಟಿದ್ದ ಪರಿಚಿತರ ಕೈಯಲ್ಲಿ ಕೊಟ್ಟುಕಳುಹಿಸಿದೆ. ಬೆಳ್ಳ ಅದನ್ನು ಬಹಳ ಹೊತ್ತು ಮೂಸಿ, ಅದರ ಮೇಲೆ ಗದ್ದವಿಟ್ಟು ಮಲಗಿದ. ಕೊನೆಯ ದಿನದವರೆಗೂ ಅದು ಅವನ ಹಾಸಿಗೆಯಲ್ಲಿಯೇ ಇತ್ತು.

ಮಕ್ಕಳಿಗೆ ನಿಜವನ್ನೇ ಹೇಳಿ

ಮಕ್ಕಳು ಎಲ್ಲವನ್ನೂ ನಮ್ಮ ಮುಖದಿಂದ ಓದಿಕೊಳ್ಳುತ್ತಾರೆ, ಹೇಳದೆ ಬಿಟ್ಟ ಭಾಗವನ್ನು ತಮ್ಮ ಭಯದಿಂದ ತುಂಬಿಕೊಳ್ಳುತ್ತಾರೆ. "ಬೆಳ್ಳನ ಹೊಟ್ಟೆಯೊಳಗೆ ರಕ್ತ ಶುದ್ಧಮಾಡುವ ಅಂಗ ಕೆಟ್ಟಿದೆ, ಅದನ್ನು ಸರಿಮಾಡಲು ಡಾಕ್ಟರಿಗೂ ಆಗುವುದಿಲ್ಲ, ಅವನು ಸಾಯುತ್ತಾನೆ, ಯಾವಾಗ ಎಂದು ಗೊತ್ತಿಲ್ಲ, ಅದು ಯಾರ ತಪ್ಪೂ ಅಲ್ಲ" ಎಂದು ಮಗಳಿಗೆ ಹೇಳಿದೆವು. "ದೇವರು ಕರೆಸಿಕೊಳ್ಳುತ್ತಾನೆ", "ಮಲಗಿಬಿಡುತ್ತಾನೆ" ಎಂಬ ಮಾತುಗಳನ್ನು ಬೇಕೆಂದೇ ಬಿಟ್ಟೆವು. ಸಾವನ್ನು ನಿದ್ದೆ ಎಂದು ಕೇಳಿದ ಸಣ್ಣ ಮಕ್ಕಳು ಮಲಗಲು ಹೆದರುವುದುಂಟು. ಅವಳು ಅತ್ತಳು, ಆಮೇಲೆ ತಿಂಡಿ ಕೇಳಿದಳು. ಎರಡೂ ಸಹಜ.

ಮಗುವಿಗೆ ಒಂದು ಕೆಲಸವನ್ನೂ ಕೊಡಿ. ನಮ್ಮ ಮಗಳು "ಬೆಳ್ಳನ ಪುಸ್ತಕ" ಎಂದು ಒಂದು ನೋಟುಪುಸ್ತಕ ಮಾಡಿದಳು. ದಿನದ ಕರೆಯಲ್ಲಿ ಅಜ್ಜ ಅಥವಾ ಅಜ್ಜಿಯಿಂದ ಒಂದು ಕಥೆ ಕೇಳಿ, ಅದರ ಚಿತ್ರ ಬರೆಯುವುದು ಅವಳ ಕೆಲಸ. ಬಿಸಿಲಿಗೆ ಹರಡಿದ್ದ ಹಲಸಿನ ಹಪ್ಪಳಗಳಲ್ಲಿ ಒಂದೊಂದು ಸಾಲಿನಿಂದ ಒಂದೊಂದನ್ನೇ ಕದ್ದು, ಕಾಗೆಯ ಮೇಲೆ ಅಪವಾದ ಬರುವಂತೆ ಮಾಡಿದ್ದು. ಕಾವಲಿಗೆ ಅಂಟಿಕೊಂಡ ಮೊದಲ ದೋಸೆ ತನ್ನದೇ ಎಂದು ತಿಳಿದು ಒಲೆ ಹೊತ್ತಿಸುವ ಮೊದಲೇ ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂರುತ್ತಿದ್ದದ್ದು. ನನ್ನ ಮದುವೆಯ ಹಿಂದಿನ ದಿನ ಚಪ್ಪರದ ಕೆಳಗೆ ದಿಬ್ಬಣದ ಚಪ್ಪಲಿಯೊಂದನ್ನು ಹೂತಿಟ್ಟದ್ದು. ಮನೆಯವರೆಲ್ಲ ಸೇರಿ ನಗುವುದಕ್ಕೆ ಬೇರೆ ವಿಷಯ ಹುಡುಕಬೇಕಾದ ಅಗತ್ಯವೇ ಬರಲಿಲ್ಲ, ಸಾಯುತ್ತಿದ್ದ ನಾಯಿಯೇ ಅದನ್ನು ಒದಗಿಸಿತು. ನಾಯಿಯ ಹೆಸರೆತ್ತಿದರೆ ಅಳು ಬರುತ್ತದೆಂದು ಮಾತು ನಿಲ್ಲಿಸುವ ಮನೆಗಳಲ್ಲಿ ಈ ನಗುವಿಗೂ ಬಾಗಿಲು ಮುಚ್ಚಿಹೋಗುತ್ತದೆ.

ಹಬ್ಬವನ್ನು ಚಿಕ್ಕದಾಗಿಸಿ, ನಿಲ್ಲಿಸಬೇಡಿ

ದೀಪಾವಳಿಗೆ ಹದಿನೈದು ಮಂದಿಯನ್ನು ಊಟಕ್ಕೆ ಕರೆಯುವ ನಮ್ಮ ರೂಢಿಯನ್ನು ಆ ವರ್ಷ ಬಿಟ್ಟೆವು. ಹಣತೆ, ರಂಗೋಲಿ, ಹೋಳಿಗೆ ಬಿಡಲಿಲ್ಲ. ಅತಿಥಿಗಳ ಮುಂದೆ ನಗುಮುಖ ಹೊತ್ತು ಓಡಾಡುವುದು ಆಯಾಸದ ಕೆಲಸ, ಮಗಳ ಜೊತೆ ನೆಲದ ಮೇಲೆ ಕುಳಿತು ಹಣತೆಗೆ ಬತ್ತಿ ಹೊಸೆಯುವುದು ಹಾಗಲ್ಲ. ನನ್ನ ಪತಿಗೆ ಮೊದಲೇ ಒಂದು ಮಾತು ಹೇಳಿದ್ದೆ: ನಡುವೆ ನಾನು ಎದ್ದು ಒಳಗೆ ಹೋದರೆ ಹಿಂದೆ ಬರಬೇಡಿ, ಹತ್ತು ನಿಮಿಷಕ್ಕೆ ನಾನೇ ಬರುತ್ತೇನೆ. ಅವರು ಆ ಹತ್ತು ನಿಮಿಷ ಮಗಳನ್ನು ನೋಡಿಕೊಂಡರು. ಸಂಗಾತಿಗೆ ನಾಯಿಯೊಡನೆ ನಿಮ್ಮಷ್ಟು ಒಡನಾಟ ಇಲ್ಲದಿರಬಹುದು. ಅವರು ನಿಮ್ಮಷ್ಟೇ ಅಳಬೇಕೆಂದು ಬಯಸಬೇಡಿ, ಇಂಥ ಒಂದು ಸ್ಪಷ್ಟ ಕೆಲಸವನ್ನು ಕೇಳಿ. ಊರಿನ ಕಡೆ ಪಟಾಕಿ ಹೊಡೆಯುವ ರಾತ್ರಿಗಳಲ್ಲಿ ನಾಯಿಯನ್ನು ನಡುಮನೆಯಲ್ಲಿ ಮಲಗಿಸಿ, ಕಿಟಕಿ ಮುಚ್ಚಿ, ರೇಡಿಯೋ ಹಚ್ಚಿಡಲು ಹೇಳಬೇಕು. ಆ ರಾತ್ರಿ ಬಚ್ಚಲೊಲೆಯ ಪಕ್ಕದ ತನ್ನ ಜಾಗ ಬಿಟ್ಟು ಬೆಳ್ಳ ಅಪ್ಪಯ್ಯನ ಮಂಚದ ಕೆಳಗೆ ಮಲಗಿದ್ದನಂತೆ.

ಈ ನಡುವೆ ಯಾರಾದರೂ "ಒಂದು ನಾಯಿಗೆ ಇಷ್ಟೊಂದಾ?" ಎಂದೇ ಎನ್ನುತ್ತಾರೆ. ಸಮಾಜ ಗುರುತಿಸಲು ಒಪ್ಪದ ಇಂಥ ಶೋಕಕ್ಕೆ ಶೋಕದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲಿಯೇ ಪ್ರತ್ಯೇಕವಾಗಿ ಹೆಸರಿಟ್ಟು ಬರೆದಿದ್ದಾರೆ. ಮಾನ್ಯತೆ ಸಿಗದಿರುವುದೇ ಅದನ್ನು ಇನ್ನಷ್ಟು ಭಾರವಾಗಿಸುತ್ತದೆ. ಕನ್ನಡಿಗರಿಗಂತೂ ಈ ಪ್ರಶ್ನೆಗೆ ಸಾವಿರ ವರ್ಷಕ್ಕೂ ಹಳೆಯದಾದ ಕಲ್ಲಿನ ಉತ್ತರವಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 949-50ರ ಶಾಸನ ಅದು. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲರ ಎಂಬ ವೀರನಿಗೆ ಬೇಕಾದುದನ್ನು ಕೇಳೆಂದು ಗಂಗದೊರೆ ಇಮ್ಮಡಿ ಬೂತುಗ ಹೇಳಿದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಹಂದಿಯೊಡನೆ ಕಾದಾಡಿ, ಎರಡೂ ಸತ್ತಾಗ, ಮಣಲರ ಅದರ ನೆನಪಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟ. ನಾಯಿ ಮತ್ತು ಹಂದಿ ಹೋರಾಡುತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಗಳಿಗೆ ಇದನ್ನು ದೀಪಾವಳಿಯ ರಾತ್ರಿ ಹೇಳಿದೆ. ಮರುದಿನ ಅವಳ ಪುಸ್ತಕದಲ್ಲಿ ಒಂದು ಕಪ್ಪು ನಾಯಿ, ಒಂದು ಬಿಳಿ ನಾಯಿ ಅಕ್ಕಪಕ್ಕ ಕುಳಿತಿದ್ದವು.

ಹೋಗಬೇಕೇ, ಬೇಡವೇ

ಹೋಗಲು ಸಾಧ್ಯವಿದ್ದರೆ ಬಾಲ ಅಲ್ಲಾಡಿಸುವ ದಿನಗಳಲ್ಲಿಯೇ ಹೋಗಿ. ಇಲ್ಲಿಂದ ಬೆಂಗಳೂರಿಗೆ ವಿಮಾನ, ಅಲ್ಲಿಂದ ರಾತ್ರಿ ಬಸ್ಸು ಎಂದು ಲೆಕ್ಕ ಹಾಕಿದರೆ ಎರಡು ದಿನ ಹಿಡಿಯುತ್ತದೆ. ಕೊನೆಯ ಗಳಿಗೆಗೆ ತಲುಪುತ್ತೇನೆಂದು ಹೊರಟವರಿಗಾಗಿ ಸಂಕಟದಲ್ಲಿರುವ ನಾಯಿಯನ್ನು ಕಾಯಿಸುವುದು ಅದಕ್ಕೆ ಮಾಡುವ ಅನ್ಯಾಯ. ವೀಸಾ, ರಜೆ, ಹಣ, ಸಣ್ಣ ಮಗು, ಇವುಗಳಲ್ಲಿ ಯಾವುದರಿಂದಲೇ ಆಗಲಿ ಹೋಗಲಾಗದಿದ್ದರೆ ಆ ನಿರ್ಧಾರವನ್ನು ಒಮ್ಮೆ ತೆಗೆದುಕೊಂಡು ಮನೆಯವರೆಲ್ಲರಿಗೂ ತಿಳಿಸಿಬಿಡಿ. ದಿನವೂ ಟಿಕೆಟಿನ ದರ ನೋಡುತ್ತಾ ಕೂರುವುದರಿಂದ ನೀವು ಅಲ್ಲಿಯೂ ಇರುವುದಿಲ್ಲ, ಇಲ್ಲಿಯೂ ಇರುವುದಿಲ್ಲ. ನನಗೆ ಹೋಗಲಾಗಲಿಲ್ಲ.

ಕೊನೆಯ ನಿರ್ಧಾರ

ದಯಾಮರಣದ ಮಾತನ್ನು ನಾಯಿ ಚೆನ್ನಾಗಿರುವಾಗಲೇ ಎತ್ತಬೇಕು. ಅಮೆರಿಕದ ಪಶುವೈದ್ಯೆ ಆಲಿಸ್ ವಿಲಾಲೋಬೋಸ್ ಇದಕ್ಕಾಗಿ ರೂಪಿಸಿದ ಒಂದು ಅಳತೆ ನಮಗೆ ನೆರವಾಯಿತು. ನೋವು, ಹಸಿವು, ದೇಹದ ನೀರಿನಂಶ, ಶುಚಿತ್ವ, ಉಲ್ಲಾಸ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು, ಹೀಗೆ ಏಳು ಅಂಶಗಳಿಗೆ ತಲಾ ಹತ್ತರಂತೆ ಅಂಕ ಕೊಡಬೇಕು. ಒಟ್ಟು 35ಕ್ಕಿಂತ ಹೆಚ್ಚಿದ್ದರೆ ಆರೈಕೆ ಮುಂದುವರಿಸಬಹುದು ಎಂದು ಅದರ ಅರ್ಥ. ಅಮ್ಮನಿಗೆ ಏಳು ಅಂಕಗಳ ಲೆಕ್ಕ ಕಷ್ಟವೆನಿಸಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೆ ಒಂದು ಗೀಟು, ಕೆಟ್ಟ ದಿನಕ್ಕೆ ಒಂದು ಸೊನ್ನೆ ಹಾಕಿದರು. ನವೆಂಬರ್ ಮೂರನೆಯ ವಾರದಲ್ಲಿ ಸಾಲಾಗಿ ಐದು ಸೊನ್ನೆ ಬಂದವು. ಬಾಯಲ್ಲಿ ಹುಣ್ಣಾಗಿ, ಮೆತ್ತಗಿನ ಗಂಜಿಯನ್ನೂ ಬೆಳ್ಳ ಮುಟ್ಟುತ್ತಿರಲಿಲ್ಲ.

ನಿರ್ಧಾರದ ಕೊನೆಯ ಮಾತು ಹಗಲು ರಾತ್ರಿ ಆರೈಕೆ ಮಾಡಿದವರದಾಗಿರಲಿ. ದೂರದಲ್ಲಿರುವವರು "ಇನ್ನೊಂದು ವಾರ ನೋಡೋಣ" ಎಂದರೆ ಆ ವಾರವನ್ನು ಅನುಭವಿಸುವವರು ಬೇರೆಯವರು. ನೀವು ಹೇಳಬೇಕಾದದ್ದು ಇಷ್ಟೇ: ನೀವು ಏನು ನಿರ್ಧರಿಸಿದರೂ ನಾನು ಜೊತೆಗಿದ್ದೇನೆ, ಮುಂದೆ ಎಂದೂ ಪ್ರಶ್ನಿಸುವುದಿಲ್ಲ. ವಿಧಾನವನ್ನು ಅವರಿಗೆ ಮೊದಲೇ ತಿಳಿಸಿರಿ. ಸಾಮಾನ್ಯವಾಗಿ ಮೊದಲು ಮಂಪರು ಬರುವ ಚುಚ್ಚುಮದ್ದು ಕೊಟ್ಟು, ಆಮೇಲೆ ಅರಿವಳಿಕೆ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಪ್ರಾಣ ಹೋದ ಮೇಲೆಯೂ ಕಣ್ಣು ತೆರೆದೇ ಇರಬಹುದು, ಸ್ನಾಯು ಒಮ್ಮೆ ಅದುರಬಹುದು, ಮೂತ್ರ ಹೋಗಬಹುದು. ಇವು ನೋವಿನ ಗುರುತುಗಳಲ್ಲ. ಗೊತ್ತಿಲ್ಲದೆ ಅದನ್ನು ಕಂಡವರು ವರ್ಷಗಟ್ಟಲೆ ಅದನ್ನೇ ನೆನೆದು ಬೇಯುತ್ತಾರೆ. ಗುಂಡಿ ಬಾವಿಯಿಂದ ದೂರವಿರಲಿ, ನಾಲ್ಕು ಅಡಿಗಾದರೂ ಆಳವಿರಲಿ; ಔಷಧಿಯ ಅಂಶ ದೇಹದಲ್ಲಿ ಉಳಿಯುವುದರಿಂದ ಬೇರೆ ಪ್ರಾಣಿಗಳು ಅದನ್ನು ಕೆದಕುವಂತಾಗಬಾರದು. ನಗರದಲ್ಲಿರುವವರು ಶವಸಂಸ್ಕಾರಕ್ಕೆ ಎಲ್ಲಿ ವ್ಯವಸ್ಥೆಯಿದೆ ಎಂದು ಮುಂಚೆಯೇ ವಿಚಾರಿಸಿಡಬೇಕು.

ನಮ್ಮಲ್ಲಿ ಅದು ಒಂದು ಶನಿವಾರ ಸಂಜೆ, ಅದೇ 4:30ಕ್ಕೆ ನಡೆಯಿತು. ವೈದ್ಯರು ಮೊದಲ ಚುಚ್ಚುಮದ್ದು ಕೊಟ್ಟು, ಬೆಳ್ಳನ ತಲೆ ಅಮ್ಮನ ತೊಡೆಯ ಮೇಲೆ ಭಾರವಾದ ಮೇಲೆ, ಅಪ್ಪಯ್ಯ ಫೋನನ್ನು ಅವನ ಕಿವಿಯ ಹತ್ತಿರ ಹಿಡಿದರು. ಇನ್ನು ಅವನು ಎದ್ದು ದಣಪೆಗೆ ಹೋಗುವಂತಿರಲಿಲ್ಲ. ಎಂಟು ವಾರಗಳ ಮೇಲೆ ಮೊದಲ ಸಲ ಅವನ ಹೆಸರು ಹಿಡಿದು ಕರೆದೆ.

ಮಗಳು ಎದ್ದ ಮೇಲೆ ಅವಳನ್ನು ಹತ್ತಿರ ಕೂರಿಸಿಕೊಂಡು "ಬೆಳ್ಳ ಸತ್ತುಹೋದ" ಎಂದೇ ಹೇಳಿದೆವು. ಆ ದಿನ ಏನು ಮಾಡಬೇಕೆಂಬುದನ್ನು ಅವಳಿಗೇ ಬಿಟ್ಟೆವು. ಅವಳು ದೋಸೆ ಬೇಕೆಂದಳು, ಮೊದಲನೆಯದನ್ನು ಹಿತ್ತಿಲಲ್ಲಿಟ್ಟು ಬಂದಳು.

ಆಮೇಲಿನ ದಿನಗಳು

ಬಹಳ ಮಂದಿ ಇಲ್ಲಿ ಒಂದು ತಪ್ಪು ಮಾಡುತ್ತಾರೆ: ನಾಯಿ ಹೋದ ಮೇಲೆ ದಿನದ ಕರೆಯನ್ನು ನಿಲ್ಲಿಸಿ ಮತ್ತೆ ವಾರಕ್ಕೊಮ್ಮೆಗೆ ಮರಳುತ್ತಾರೆ. ಒಂಬತ್ತು ವಾರ ಸಂಜೆಯ ಆ ಹೊತ್ತಿಗೆ ನೀರು ಬಿಸಿಮಾಡಿ, ಬಾಟಲಿ ನೇತುಹಾಕಿ, ತಲೆ ಸವರಿದ ಕೈಗಳು ಆ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಖಾಲಿಯಾಗಿರುತ್ತವೆ. ಸೋಮವಾರ ನಾನು ಕರೆ ಮಾಡಿದಾಗ ಅಮ್ಮ ಮೊದಲ ಗಂಟೆಗೇ ಎತ್ತಿಕೊಂಡರು. ಅಭ್ಯಾಸಬಲದಿಂದ ಒಲೆಯ ಮೇಲೆ ನೀರಿಟ್ಟು, ಯಾಕೆ ಇಟ್ಟೆನೆಂದು ನೆನಪಾಗಿ ಅಲ್ಲಿಯೇ ನಿಂತಿದ್ದರು. ಆದ್ದರಿಂದ ಕನಿಷ್ಠ ಮೂರು ತಿಂಗಳಾದರೂ ಅದೇ ಹೊತ್ತಿನ ಕರೆಯನ್ನು ಮುಂದುವರಿಸಿ. ಹೊಸ ಮರಿ ತಂದುಕೊಡುವ ಮಾತನ್ನು ನೀವಾಗಿ ಎತ್ತಬೇಡಿ, ಅವರ ಬಾಯಿಂದ ಬರುವವರೆಗೆ ಕಾಯಿರಿ.

ನಮ್ಮ ಕರೆ ಈಗಲೂ 4:30ಕ್ಕೇ ನಡೆಯುತ್ತಿದೆ. ಪುಸ್ತಕದಲ್ಲಿ ಇನ್ನೂ ಹಾಳೆಗಳು ಉಳಿದಿವೆ ಎಂದು ಮಗಳು ಅಜ್ಜನನ್ನು ಕಥೆ ಕೇಳುತ್ತಾಳೆ. ಬೆಳ್ಳ ಕದ್ದ ಹಪ್ಪಳಗಳು ಹನ್ನೆರಡು ಎಂದು ಅಪ್ಪಯ್ಯ ಹೇಳುತ್ತಾರೆ, ಹನ್ನೆರಡಲ್ಲ ಇಪ್ಪತ್ತು, ಒಣಹಾಕಿದವಳು ನಾನು ಎಂದು ಅಮ್ಮ ಒಳಗಿನಿಂದ ಕೂಗಿ ತಿದ್ದುತ್ತಾರೆ.